ಅಧ್ಯಕ್ಷರ ನಡಿಗೆ

ನಮ್ಮ ಊರಿನಲ್ಲಿ ಇಬ್ಬರು ಯಾವುದಾದರೂ ಕೆಲಸಕ್ಕೆ ಒಪ್ಪಿಕೊಂಡರೆ ಅದು ಮುಗಿಯುವ ತನಕ ಒಬ್ಬರ ನಡಿಗೆ ಇನ್ನೊಬ್ಬರಿಗೆ ಹೋಗುತ್ತದೆ. ರವಿಕೆ ಹೊಲಿಯಲು ಕೊಟ್ಟು ಬಂದ ಹೆಂಗಸು ದರ್ಜಿಯ ಹಾಗೆ ಒಂದು ಭುಜ ಇಳಿಬಿಟ್ಟುಕೊಂಡು ಮನೆಗೆ ಹೋಗುತ್ತಾಳೆ. ದರ್ಜಿ ಕಾಜಾ ಹಾಕಿ ಮುಗಿಸುವವರೆಗೆ ಅವಳ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾನೆ. ಕೆಲಸ ಮುಗಿದರೂ ಸರಿ, ಯಾರಾದರೂ ಮಾತಿಗೆ ತಪ್ಪಿದರೂ ಸರಿ, ಆ ಗಳಿಗೆಯಲ್ಲೇ ನಡಿಗೆಗಳು ಅವರವರ ಕಾಲಿಗೆ ಹಿಂತಿರುಗುತ್ತವೆ. ಒಟ್ಟಿಗೆ ನಾಲ್ಕಾರು ಒಪ್ಪಂದ ಇಟ್ಟುಕೊಂಡವರ ಕಾಲಲ್ಲಿ ಎಲ್ಲಕ್ಕಿಂತ ದೊಡ್ಡದು ಕಾಣುತ್ತದೆ. ಮದುವೆ ನಿಶ್ಚಯವಾದ ಮನೆಗಳಲ್ಲಿ ಬೀಗರು ಒಬ್ಬರಂತೆ ಒಬ್ಬರು ಓಡಾಡುವುದನ್ನು ನೋಡಿ ಮಕ್ಕಳು ನಗುತ್ತಾರೆ. ಎದುರಿಗೆ ಬಂದವರ ಮುಖವನ್ನು ನಾವು ಆಮೇಲೆ ನೋಡುತ್ತೇವೆ, ಮೊದಲು ಕಾಲು.

ನಾನು ಇಲ್ಲಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ವಿಷಯ ಅಂತರರಾಷ್ಟ್ರೀಯ ಸಂಬಂಧಗಳು. ನಮಗೆ ಇರುವ ಹೊರದೇಶ ಒಂದೇ, ಹೊಳೆಯ ಆಚೆ ದಂಡೆ. ಅಲ್ಲಿನ ಬಾವುಟ ಬೇರೆ, ನಾಣ್ಯ ಬೇರೆ, ಗಡಿಯಾರ ಕೂಡ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ತಲೆಯ ಮೇಲೆ ದೊಡ್ಡವರು ಯಾರೂ ಇಲ್ಲದ ಎರಡು ದೇಶಗಳು ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಬೇಕು ಎನ್ನುವುದು ನಮ್ಮ ಶಾಸ್ತ್ರದ ಹಳೆಯ ಪ್ರಶ್ನೆ. ಬೇರೆ ಕಡೆ ಅದಕ್ಕೆ ಸೈನ್ಯ ಇಟ್ಟಿದ್ದಾರೆ, ರಾಜಕುಮಾರರನ್ನು ಒತ್ತೆ ಇಟ್ಟಿದ್ದಾರೆ, ಮೂರನೆಯವರನ್ನು ಜಾಮೀನು ನಿಲ್ಲಿಸಿದ್ದಾರೆ. ನಮಗೆ ಕಾಲುಗಳಿವೆ. ಈ ಬಗ್ಗೆ ನಾನು ಬರೆದ ಲೇಖನವನ್ನು ಹೊರಗಿನ ಒಂದು ಪತ್ರಿಕೆ ಹಿಂದಕ್ಕೆ ಕಳಿಸಿತು. ‘ನಿದರ್ಶನ ಕಾಲ್ಪನಿಕವೇ, ದಯವಿಟ್ಟು ಸ್ಪಷ್ಟಪಡಿಸಿ’ ಎಂದು ಸಂಪಾದಕರ ಟಿಪ್ಪಣಿ ಇತ್ತು.

ಎರಡು ದಂಡೆಗಳ ನಡುವಿನ ಒಪ್ಪಂದ ಸೇತುವೆಯ ಮೇಲೆ ಆಗುತ್ತದೆ. ಈ ಕಡೆಯ ಅಧ್ಯಕ್ಷರು, ಆ ಕಡೆಯ ಅಧ್ಯಕ್ಷರು ಷರತ್ತುಗಳನ್ನು ಹೇಳಿ, ಸಹಿ ಹಾಕಿ, ಜನರೆದುರು ನಡೆದು ತೋರಿಸುತ್ತಾರೆ. ನಡಿಗೆ ಅದಲುಬದಲಾದರೆ ಒಪ್ಪಂದ ಆಯಿತು ಎಂದು ಲೆಕ್ಕ, ಸಹಿ ಹಾಕಿದ ಕಾಗದವನ್ನು ಅಲ್ಲೇ ಹೊಳೆಗೆ ಬಿಡುತ್ತಾರೆ. ಕಾಲೇ ಇರುವಾಗ ಕಾಗದ ಯಾಕೆ ಎಂದು ನಮ್ಮವರ ವಾದ. ಷರತ್ತುಗಳನ್ನು ನೆನಪಿಟ್ಟುಕೊಳ್ಳಲು ಎರಡೂ ಕಡೆ ಸಾಕ್ಷಿಗಳಿರುತ್ತಾರೆ. ಅವರು ಕೇಳಿದ್ದನ್ನು ಸೇತುವೆಯ ಮೇಲೆ ಕರೆದು ಕೇಳಿದಾಗ ಮಾತ್ರ ಹೇಳಬೇಕು. ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಹೇಳುವಂತಿಲ್ಲ.

ಹಿಂದಿನ ಒಪ್ಪಂದ ನಾನು ಲಂಗ ತೊಡುವ ವಯಸ್ಸಿನಲ್ಲಿ ಆಗಿದ್ದು. ಅದನ್ನು ಮಾಡಿದ ಅಧ್ಯಕ್ಷರಲ್ಲಿ ಕೊನೆಯವರು ಹೋದ ವರ್ಷ ತೀರಿಕೊಂಡಿದ್ದರಿಂದ ಹೊಸದು ಬೇಕಾಗಿತ್ತು. ಸಾಕ್ಷಿಗಳಲ್ಲಿ ಬದುಕಿ ಉಳಿದವನು ನನ್ನ ಅಪ್ಪ ಕೊಟ್ರಪ್ಪ ಒಬ್ಬನೇ. ಅಪ್ಪ ಸೇತುವೆಯ ಗುಮಾಸ್ತನಾಗಿದ್ದ. ಕೆಲವು ವರ್ಷಗಳ ಹಿಂದೆ ಅದೇ ಸೇತುವೆಯ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಎರಡೂ ಕಾಲು ಸ್ವಾಧೀನ ತಪ್ಪಿ ಮಂಚ ಹಿಡಿದಿದ್ದ. ನಾನು ಕಾಲೇಜಿಗೆ ಹೋದಾಗ ಸಾವಂತ್ರಮ್ಮ ಎಂಬಾಕೆ ಬಂದು ನೋಡಿಕೊಳ್ಳುತ್ತಿದ್ದಳು.

ಮಾತುಕತೆಯ ತಂಡಕ್ಕೆ ನನ್ನನ್ನು ಸಲಹೆಗಾರ್ತಿಯಾಗಿ ನೇಮಿಸಿದ್ದು ನಮ್ಮ ಅಧ್ಯಕ್ಷ ಗುರುಪಾದಪ್ಪನವರು. ಇಷ್ಟು ವರ್ಷ ಒಪ್ಪಂದಗಳ ಬಗ್ಗೆ ಪಾಠ ಮಾಡಿದ ನನ್ನನ್ನು ಒಪ್ಪಂದದ ಮೇಜಿನ ಹತ್ತಿರ ಅಲ್ಲಿಯವರೆಗೆ ಯಾರೂ ಬಿಟ್ಟುಕೊಂಡಿರಲಿಲ್ಲ. ಆ ದಿನ ಕಾಲೇಜಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದೆ. ಅದೇ ವಾರ ಗುರುಪಾದಪ್ಪನವರ ಕಾಲು ಉಳುಕಿತು.

ಗುರುಪಾದಪ್ಪನವರ ನಡಿಗೆ ಊರಿಗೆಲ್ಲ ಗೊತ್ತು. ಎದೆ ಮುಂದೆ, ಎಡಗಾಲಿನ ಪಾದ ಹೊರಕ್ಕೆ, ಕೆಲವು ಹೆಜ್ಜೆಗೊಮ್ಮೆ ಹಿಮ್ಮಡಿ ಒತ್ತಿ ನಿಂತು, ಹಿಂದೆ ಬರುವ ಮೆರವಣಿಗೆಗೆ ಕಾಯುವವರಂತೆ ನಡೆಯುತ್ತಿದ್ದರು. ಹಿಂದೆ ಮೆರವಣಿಗೆ ಇರುತ್ತಿರಲಿಲ್ಲ. ಈಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಆಳುಗಳು ಹೊತ್ತು ತರುತ್ತಿದ್ದರು. ಸೇತುವೆಯ ಈ ತುದಿಯಲ್ಲಿ ಮರಳಿನ ಪಟ್ಟಿ ಇದೆ. ಮಾತುಕತೆಗೆ ಹೋಗುವವರು ಮೊದಲು ಅದರ ಮೇಲೆ ಬರಿಗಾಲಲ್ಲಿ ನಡೆದು, ಗುಟ್ಟಾದ ಒಪ್ಪಂದ ತಮ್ಮಲ್ಲಿ ಇಲ್ಲ ಎಂದು ತೋರಿಸಬೇಕು. ಮೊದಲ ದಿನ ನಾವೆಲ್ಲ ನಡೆದೆವು. ಅಧ್ಯಕ್ಷರ ಕುರ್ಚಿ ಮರಳಿನ ಪಕ್ಕದಿಂದ ಹಾದುಹೋಯಿತು.

“ಉಳುಕಿದ ಕಾಲನ್ನ ಮರಳಿಗೆ ಇಡೋಕಾಗತ್ತೇನಮ್ಮ ಮೇಡಂ?” ಎಂದರು, ನಾನು ನೋಡುತ್ತಿದ್ದುದನ್ನು ನೋಡಿ. “ನಿಮ್ಮ ಶಾಸ್ತ್ರದಲ್ಲಿ ಉಳುಕಿಗೆ ವಿನಾಯಿತಿ ಇಲ್ವಾ?”

“ಯಾವ ಕಾಲು ಸಾರ್ ಉಳುಕಿದ್ದು?”

“ಬಲಗಾಲು.”

ಪಟ್ಟಿ ಸುತ್ತಿದ್ದು ಎಡಗಾಲಿಗೆ. ನನಗೆ ಅನುಮಾನ ಹುಟ್ಟಿದ್ದು ಅಲ್ಲಿ. ಈ ಮನುಷ್ಯ ಆಚೆ ದಂಡೆಯ ಅಧ್ಯಕ್ಷ ದೇಸಾಯಿಯವರ ಜೊತೆ ಮೊದಲೇ ಏನೋ ಮಾತಾಡಿಕೊಂಡಿದ್ದಾರೆ, ದೇಸಾಯಿಯವರ ನಡಿಗೆ ಇವರ ಕಾಲಿಗೆ ಬಂದಿದೆ, ಅದನ್ನು ಮುಚ್ಚಲು ಈ ಕುರ್ಚಿ ಎಂದುಕೊಂಡೆ. ದೇಸಾಯಿಯವರು ಸೇತುವೆಯ ಆ ತುದಿಯಿಂದ ಬರುವುದನ್ನು ಕಣ್ಣು ಮಿಟುಕಿಸದೆ ಕಾದೆ. ಎಡಪಾದ ಹೊರಕ್ಕೆ ತಿರುಗಿದರೆ ಅಲ್ಲೇ ಎದ್ದು ಹೇಳಿಬಿಡುವುದು ಎಂದು ಸಿದ್ಧಳಾಗಿದ್ದೆ. ಅವರು ಬಂದರು. ಸುಡುವ ಕಲ್ಲಿನ ಮೇಲೆ ಕಾಲಿಡುವವರಂತೆ ಪಟಪಟ ಹೆಜ್ಜೆ. ಅದು ಅವರದೇ ನಡಿಗೆ, ನಾನು ಚಿಕ್ಕಂದಿನಿಂದ ಸಂತೆಯಲ್ಲಿ ಕಂಡದ್ದು. ನನ್ನ ಅನುಮಾನ ಅಲ್ಲಿಗೆ ಬಿದ್ದುಹೋಗಬೇಕಿತ್ತು. ಬೀಳಲಿಲ್ಲ.

ಅಂದು ಹೊಸ ಒಪ್ಪಂದದ ಕರಡನ್ನು ಓದಿದರು. ಸುಂಕ, ದೋಣಿ, ದನಗಳ ಮೇವು, ಸಂತೆಯ ವಾರ ಎಲ್ಲ ಇತ್ತು. ಆಚೆ ದಂಡೆಯ ಅಣೆಕಟ್ಟೆಯ ಬಾಗಿಲುಗಳ ಮಾತು ಇರಲಿಲ್ಲ. ಮಳೆಗಾಲದಲ್ಲಿ ಆ ಬಾಗಿಲು ತೆಗೆದರೆ ನೀರು ನೇರ ಬರುವುದು ನಮ್ಮ ತಗ್ಗಿನ ಕೇರಿಗೆ. ಅಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಉಪ್ಪು ಬೆರೆಸಿದ ಅಕ್ಕಿ ಅಂಗಳದ ತುಂಬ ಹರವಿರುತ್ತದೆ, ಮಕ್ಕಳು ಅದರ ಪಕ್ಕದಲ್ಲೇ ಮಲಗುತ್ತಾರೆ. ನನ್ನ ತಿಳುವಳಿಕೆಯಲ್ಲಿ ಆ ಕೇರಿಗೆ ಒಮ್ಮೆಯೂ ನೀರು ನುಗ್ಗಿರಲಿಲ್ಲ.

“ಬಾಗಿಲು ತೆಗೆಯೋ ಮೊದಲು ತಿಳಿಸಬೇಕು ಅನ್ನೋ ಷರತ್ತು ಹಳೇದರಲ್ಲಿ ಇತ್ತಲ್ವಾ ಸಾರ್?” ಎಂದು ಕೇಳಿದೆ.

“ಇತ್ತು ಅಂತ ಯಾರು ಹೇಳಿದರು?”

“ಯಾರೂ ಹೇಳಿಲ್ಲ. ನೀರು ಬಂದಿಲ್ಲ, ಅದಕ್ಕೆ ಕೇಳಿದೆ.”

“ನೀರು ಬರದೇ ಇರೋದು ದೇವರ ದಯೆ,” ಎಂದರು ಗುರುಪಾದಪ್ಪ. “ಸಾಕ್ಷಿ ಮಂಚದಲ್ಲಿದ್ದಾರೆ. ಪಾಪ, ಹಿರಿಯರಿಗೆ ತೊಂದರೆ ಕೊಡೋದು ಬೇಡ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೀವಿ. ನಿಮ್ಮಪ್ಪನೇ ಅಲ್ವೇನಮ್ಮ?”

ಹೊಸ ಒಪ್ಪಂದದಲ್ಲಿ ಎರಡೂ ದಂಡೆಗೆ ಸೇರಿದ ಒಂದು ಜಂಟಿ ಮಂಡಳಿ ಇತ್ತು. ಅದರ ಮೊದಲ ಅಧ್ಯಕ್ಷಗಿರಿ ಗುರುಪಾದಪ್ಪನವರಿಗೆ ಎಂದು ಇತ್ತು. ಬಾಗಿಲಿನ ಮಾತು ಎತ್ತದಿದ್ದರೆ ದೇಸಾಯಿಯವರು ಅದನ್ನು ಕೊಡಲು ತಯಾರಿದ್ದರು ಎಂದು ಊಹಿಸಲು ಶಾಸ್ತ್ರ ಓದಿರಬೇಕಾಗಿಲ್ಲ. ಆದರೆ ಆ ಕೊಡುಕೊಳ್ಳುವಿಕೆ ಮೇಜಿನ ಮೇಲೇ ಇತ್ತು. ಕುರ್ಚಿಯ ಗುಟ್ಟು ಬೇರೆ. ಅಧ್ಯಕ್ಷರ ಕಾಲಲ್ಲಿ ಬೇರೆಯವರ ನಡಿಗೆ ಇದ್ದರೆ, ಅಧ್ಯಕ್ಷರ ನಡಿಗೆಯನ್ನು ಯಾರೋ ನಡೆಯುತ್ತಿರಬೇಕು. ಅದನ್ನು ಹುಡುಕಲು ಹೊರಟೆ. ಸಂತೆ, ಅಕ್ಕಿ ಗಿರಣಿ, ಕೋರ್ಟು, ಕಟಿಂಗ್ ಶಾಪು ಎಲ್ಲ ಕಡೆ ಜನರ ಕಾಲು ನೋಡುತ್ತ ನಿಂತೆ. ನಾನು ಯಾರದೋ ಸುಳಿವು ಹುಡುಕುತ್ತಿದ್ದೇನೆ ಎಂದು ಊರಿಗೂ ತಿಳಿಯಿತು. ನನ್ನನ್ನು ಕಂಡ ತಕ್ಷಣ ಜನ ಕೂತುಬಿಡುತ್ತಿದ್ದರು. ಹೀಗೆ ಕೂತವರೆಲ್ಲರ ಮೇಲೂ ನನಗೆ ಅನುಮಾನ ಬರತೊಡಗಿತು.

ಸಹಿಯ ಹಿಂದಿನ ದಿನ ಕಾಲೇಜಿನಲ್ಲಿ ಯಾರೋ ತೀರಿಕೊಂಡರೆಂದು ಮಧ್ಯಾಹ್ನವೇ ರಜೆ ಕೊಟ್ಟರು. ಮನೆಗೆ ಬಂದೆ. ಬಾಗಿಲು ಓರೆಯಾಗಿತ್ತು. ಒಳಗೆ ಸಾವಂತ್ರಮ್ಮ ನಗುತ್ತಿದ್ದಳು. ಹಜಾರದಿಂದ ಅಡುಗೆಮನೆಯ ಕಡೆಗೆ ಗುರುಪಾದಪ್ಪನವರು ನಡೆದುಹೋಗುತ್ತಿದ್ದರು. ಎದೆ ಮುಂದೆ, ಎಡಪಾದ ಹೊರಕ್ಕೆ. ಮೇಲೆ ಇದ್ದದ್ದು ಅಪ್ಪನ ಬನಿಯನ್ನು, ಅಪ್ಪನ ಬೋಳುತಲೆ. ಹಿಮ್ಮಡಿ ಒತ್ತಿ ನಿಂತು, ಹಿಂದಿನ ಮೆರವಣಿಗೆಯನ್ನು ನೋಡುವಂತೆ ತಿರುಗಿದಾಗ ನನ್ನನ್ನು ಕಂಡ.

“ಕಾಫಿ ಕುಡೀತೀಯಾ ವಸೂ?” ಎಂದ ಅಪ್ಪ. “ನಾನೇ ಮಾಡ್ತಾ ಇದ್ದೀನಿ.”

ಸಾವಂತ್ರಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಹಿತ್ತಲಿಗೆ ಹೋದಳು.

ಅಪ್ಪ ನಿಂತಿದ್ದ. ಅವನು ಇಷ್ಟು ಎತ್ತರದವನು ಎಂಬುದನ್ನು ಮರೆತಿದ್ದೆ.

“ಏನು ಒಪ್ಪಿಕೊಂಡೆ?” ಎಂದೆ.

“ಸಹಿ ಆಗೋ ತನಕ ಬಾಯಿ ಬಿಡಲ್ಲ ಅಂತ.”

“ಅವರು ಏನು ಕೊಟ್ಟರು?”

ಅಪ್ಪ ಹಾಲಿನ ಪಾತ್ರೆ ಇಳಿಸಿದ. “ಅವರ ಪಾಲಿನದು ಆಗಲೇ ಮುಗೀತು. ಅವತ್ತೇ ಮೈಸೂರುಪಾಕು ತಂದಿದ್ದೆಯಲ್ಲ ನೀನು.”

ಕೂತುಕೊಂಡೆ. ನನ್ನ ನೇಮಕವೇ ಬೆಲೆ. ಉಳುಕು ಮತ್ತು ನೇಮಕ ಒಂದೇ ವಾರದಲ್ಲಿ ಆಗಿದ್ದವು. ನಾನು ಎರಡನ್ನೂ ಕಂಡಿದ್ದೆ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಹೊಳೆಯಾಚೆ ನೋಡುವುದೇ ನನ್ನ ಕಸುಬಾಗಿ ಮನೆಯ ಹೊಸ್ತಿಲೊಳಗೆ ನೋಡುವುದು ಬಿಟ್ಟುಹೋಗಿತ್ತು.

“ನಾನು ಕೇಳಿದ್ನಾ ಅಪ್ಪಾ?”

“ಇಲ್ಲ. ನೀನು ಕೇಳೋಳಲ್ಲ. ಅವನು ಇಲ್ಲಿ ಮಂಚದ ಪಕ್ಕ ಕೂತು, ಏನು ಬೇಕು ಹೇಳಿ ಕೊಟ್ರಪ್ಪನವರೇ ಅಂದ. ನನಗೇನು ಬೇಕು? ಹುಡುಗಿ ಇಷ್ಟು ಓದಿದಾಳೆ, ಒಂದು ಸಲ ಆ ಮೇಜಿನ ಹತ್ತಿರ ಕೂರಿಸಪ್ಪ ಅಂದೆ. ಸರಿ ಅಂದ. ನನ್ನ ಕಾಲಿಗೆ ಇರುವೆ ಹರಿದ ಹಾಗಾಯ್ತು. ಅವನು ಎದ್ದು ಹೊರಡೋಣ ಅಂತ ನೋಡಿದ, ಏಳೋಕಾಗಲಿಲ್ಲ. ಮುದುಕನ ನಡಿಗೆ ಬರತ್ತೆ, ಒಂದಿಷ್ಟು ದಿನ ನಿಧಾನಕ್ಕೆ ಓಡಾಡಿದರಾಯ್ತು ಅಂದ್ಕೊಂಡಿದ್ದ ಪಾಪ.” ಅಪ್ಪನಿಗೆ ನಗು ತಡೆಯಲಾಗಲಿಲ್ಲ. “ಇಬ್ಬರು ಬಂದು ಎತ್ತಿಕೊಂಡು ಹೋದರು.”

“ಬಾಗಿಲಿನ ಷರತ್ತು ಇತ್ತಾ?”

ಅವನ ನಗು ನಿಂತಿತು. ಕಾಫಿಯನ್ನು ಲೋಟಕ್ಕೆ ಬಗ್ಗಿಸತೊಡಗಿದ.

“ತಗ್ಗಿನ ಕೇರಿಯವರು ಮುಳುಗಿಹೋಗ್ತಾರೆ ಅಪ್ಪಾ.”

“ನಾನು ಮಾತು ಕೊಟ್ಟಿದ್ದೀನಿ.”

“ಹಾಗಾದರೆ ನಾನೇನು ಮಾಡಲಿ?”

“ಸಲಹೆಗಾರ್ತಿ ನೀನು,” ಎಂದ. “ಮಾತು ಕೊಟ್ಟೋನು ನಾನು, ನೀನಲ್ಲ.”

ಕಾಫಿ ಚೆನ್ನಾಗಿತ್ತು. ಅಪ್ಪ ಬಾಗಿಲಿನವರೆಗೆ ಹೋಗಿ ಬಂದ, ಕಿಟಕಿಯವರೆಗೆ ಹೋಗಿ ಬಂದ. ಸುಮ್ಮನೆ ಕೂರುವುದು ಅವನಿಂದ ಆಗುತ್ತಿರಲಿಲ್ಲ. ಸಹಿಯಾದ ಗಳಿಗೆಗೆ ಇದು ಮುಗಿಯುತ್ತದೆ, ಅವನೇ ಬಾಯಿ ಬಿಟ್ಟರೆ ಈಗಲೇ ಮುಗಿಯುತ್ತದೆ. ಎರಡೂ ಇಬ್ಬರಿಗೂ ಗೊತ್ತಿತ್ತು.

ಮರುದಿನ ಸೇತುವೆಯ ಮೇಲೆ ಎರಡೂ ದಂಡೆಯ ಜನ ತುಂಬಿದ್ದರು. ದೇಸಾಯಿಯವರು ಪೆನ್ನಿನ ಮುಚ್ಚಳ ತೆಗೆದರು. ನಾನು ಎದ್ದು, ಹಳೆಯ ಒಪ್ಪಂದದ ಸಾಕ್ಷಿಯನ್ನು ಕರೆಯದೆ ಹೊಸದಕ್ಕೆ ಸಹಿ ಹಾಕುವ ರೂಢಿ ಇಲ್ಲ ಎಂದೆ.

“ಮಂಚದಲ್ಲಿರೋ ಮನುಷ್ಯ ಹೇಗೆ ಬರ್ತಾನಮ್ಮ?” ಎಂದರು ಗುರುಪಾದಪ್ಪ. ಅವರ ದನಿಯಲ್ಲಿ ಕೋಪಕ್ಕಿಂತ ಯಾಚನೆ ಹೆಚ್ಚಿತ್ತು.

“ನಡೆದುಕೊಂಡು ಬರ್ತಾರೆ,” ಎಂದೆ.

ಸಾವಂತ್ರಮ್ಮನಿಗೆ ಹೇಳಿ ಕಳಿಸಿದೆ. ಅಪ್ಪ ಬರುತ್ತಾನೆಂಬ ಭರವಸೆ ನನಗೆ ಇರಲಿಲ್ಲ. ಜನ ಗೊಣಗಿದರು, ಬಿಸಿಲು ಏರಿತು. ಆಮೇಲೆ ಸೇತುವೆಯ ತುದಿಯಲ್ಲಿ ಗದ್ದಲ ಅಡಗಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜನ ಬಿಟ್ಟ ದಾರಿಯಲ್ಲಿ ಅಪ್ಪ ಬರುತ್ತಿದ್ದ. ಮರಳಿನ ಪಟ್ಟಿಯ ಹತ್ತಿರ ಚಪ್ಪಲಿ ಬಿಟ್ಟ. ಎದೆ ಮುಂದೆ ಮಾಡಿ, ಎಡಪಾದ ಹೊರಕ್ಕೆ ತಿರುಗಿಸಿ, ಹಿಮ್ಮಡಿ ಒತ್ತಿ ನಿಂತು, ಮತ್ತೆ ನಡೆದು, ಊರಿನ ಅಧ್ಯಕ್ಷರು ಇಷ್ಟು ವರ್ಷ ನಡೆದ ಹಾಗೆಯೇ ಮರಳನ್ನು ದಾಟಿದ. ಗುರುಪಾದಪ್ಪನವರು ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು.

ದೇಸಾಯಿಯವರು ಬಾಗಿಲಿನ ಷರತ್ತು ಇತ್ತೇ ಎಂದು ಕೇಳಿದರು. ಅಪ್ಪ ಸುಮ್ಮನೆ ನಿಂತ. ಮತ್ತೆ ಕೇಳಿದರು. ಅವನು ಹೊಳೆಯ ಕಡೆ ನೋಡುತ್ತಿದ್ದ. ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲ. ತಪ್ಪುವ ಅಗತ್ಯವೂ ಇರಲಿಲ್ಲ. ತಗ್ಗಿನ ಕೇರಿಯಲ್ಲಿ ಭಟ್ಟಿ ಇಟ್ಟಿರುವ ಫಕೀರವ್ವ ಎಂಬಾಕೆ ಗುಂಪಿನಿಂದ ಮುಂದೆ ಬಂದು, “ಇವನ ಬಾಯಿಗೆ ಬೀಗ ಹಾಕ್ಸಿದ್ದು ಯಾಕ್ರೀ ಅಧ್ಯಕ್ಷರೇ? ಹೇಳ್ರಿ, ಎದ್ದು ನಿಂತು ಹೇಳ್ರಿ!” ಎಂದಳು. ಎದ್ದು ನಿಲ್ಲಲು ಅವರಿಂದ ಆಗುವಂತಿರಲಿಲ್ಲ. ಅಂದು ಸಹಿಯಾಗಲಿಲ್ಲ.

ಮುಂದಿನ ಸಂಗತಿಗಳು ಬೇಗ ನಡೆದವು. ಗುರುಪಾದಪ್ಪನವರ ಅಧ್ಯಕ್ಷಗಿರಿ ಹೋಯಿತು, ಆ ಜಾಗಕ್ಕೆ ಫಕೀರವ್ವ ಬಂದಳು. ನನ್ನ ನೇಮಕ ಹೇಗಾಯಿತು ಎಂಬುದನ್ನು ಸಭೆಯಲ್ಲಿ ನಾನೇ ಹೇಳಿ ರಾಜೀನಾಮೆ ಕೊಟ್ಟೆ. “ಬಂದದ್ದು ಹೇಗೋ, ಕಂಡುಹಿಡಿದದ್ದು ನೀವೇ ಅಲ್ರೀ,” ಎಂದು ಫಕೀರವ್ವ ಅದನ್ನು ತಿರಸ್ಕರಿಸಿದಳು. ಮತ್ತೆ ಮಾತುಕತೆ ಶುರುವಾಯಿತು. ಅಪ್ಪನ ಒಪ್ಪಂದ ಮಾತ್ರ ಹಾಗೇ ಉಳಿಯಿತು. ಸಹಿಯಾಗುವ ತನಕ ಎಂದಲ್ಲವೇ ಮಾತು? ಸಹಿ ಆಗಿರಲಿಲ್ಲ, ಅಪ್ಪ ಬಾಯಿ ಬಿಟ್ಟಿರಲಿಲ್ಲ. ಹೀಗಾಗಿ ಅಪ್ಪ ನಡೆಯುತ್ತಲೇ ಇದ್ದ.

ಬೆಳಿಗ್ಗೆ ಹಾಲು ತರುತ್ತಿದ್ದ. ಸಂತೆಗೆ ಹೋಗಿ ಬೇಡದ ಸೊಪ್ಪೆಲ್ಲ ತರುತ್ತಿದ್ದ. ಹಳೆಯ ಸ್ನೇಹಿತರ ಮನೆಗೆ ಹೋಗಿ, ಅವರು ತೀರಿಕೊಂಡಿದ್ದರೆ ಅವರ ಮಕ್ಕಳ ಹತ್ತಿರ ಕೂತು ಬರುತ್ತಿದ್ದ. ಒಂದು ದಿನ ಗುರುಪಾದಪ್ಪನವರು ಕುರ್ಚಿಯಲ್ಲಿ ನಮ್ಮ ಮನೆಗೆ ಬಂದರು.

“ನಿಮ್ಮಪ್ಪ ನನ್ನ ಕಾಲಲ್ಲಿ ದಿನಾ ಊರು ಸುತ್ತುತಾನೆ,” ಎಂದರು. “ನಾನು ಕೂಡ ಇಷ್ಟು ಸುತ್ತಿರಲಿಲ್ಲ. ಒಂದು ಮಾತು ಕೇಳ್ತೀನಮ್ಮ. ಪ್ರತಿ ಕರಡಿಗೂ ನೀವೇ ಆಕ್ಷೇಪಣೆ ಎತ್ತುತಾ ಇದ್ದೀರಂತೆ. ಹೌದಾ?”

“ಕರಡಿನಲ್ಲಿ ತಪ್ಪಿದ್ದವು.”

“ಇದ್ದಿರಬಹುದು,” ಎಂದರು. ಆಳುಗಳಿಗೆ ಕುರ್ಚಿ ಎತ್ತಲು ಹೇಳಿದರು.

ತಪ್ಪುಗಳಿದ್ದದ್ದು ನಿಜ. ಬಾಗಿಲು ತೆಗೆಯುವ ಮೊದಲು ತಿಳಿಸಬೇಕು ಎಂದಿತ್ತು, ಯಾರಿಗೆ ಎಂದಿರಲಿಲ್ಲ. ಅದನ್ನು ಸರಿಪಡಿಸಲು ಒಂದು ತಿಂಗಳು ಹೋಯಿತು. ಯಾರ ಗಡಿಯಾರದ ಪ್ರಕಾರ ಎಂದಿರಲಿಲ್ಲ. ಇನ್ನೊಂದು ತಿಂಗಳು. ಎರಡೂ ಒಳ್ಳೆಯ ಆಕ್ಷೇಪಣೆಗಳು, ನನ್ನ ವಿದ್ಯಾರ್ಥಿಗಳು ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಮೂರನೆಯದು ಅಷ್ಟು ಒಳ್ಳೆಯದಾಗಿರಲಿಲ್ಲ. ಡೋಲು ಹೊಡೆದು ತಿಳಿಸುವುದಾದರೆ ಗಾಳಿ ಎದುರಾದ ದಿನ ಕೇಳದೇ ಹೋಗಬಹುದಲ್ಲ ಎಂದು ಸಭೆಯಲ್ಲಿ ಎತ್ತಿದೆ. ಫಕೀರವ್ವ ಕರಡನ್ನು ಮಡಚಿಟ್ಟಳು.

“ಅಮ್ಮಾರೇ, ಸಿಟ್ಟು ಮಾಡ್ಕೋಬ್ಯಾಡ್ರಿ,” ಎಂದಳು. “ಈ ಸಲ ಕೇಳ್ತಿರೋದು ನೀವೋ, ನಿಮ್ಮಪ್ಪನ ಕಾಲೋ? ಮಳಿ ಬರೋ ಹೊತ್ತಾತು. ನನ್ನ ಕೇರಿಯಾಗೆ ಕೂಸುಗಳದಾವು.”

ಎಲ್ಲರ ಕಾಲನ್ನೂ ನೋಡಿದ್ದ ನಾನು ನನ್ನದನ್ನು ನೋಡಿಕೊಂಡೆ. ನನ್ನ ನಡಿಗೆ ನನ್ನದೇ ಆಗಿತ್ತು. ನಾನು ಯಾರ ಜೊತೆಗೂ ಏನನ್ನೂ ಒಪ್ಪಿಕೊಂಡಿರಲಿಲ್ಲ. ಮರಳಿನ ಪಟ್ಟಿಯ ಮೇಲೆ ನಡೆದಿದ್ದರೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಆಕ್ಷೇಪಣೆ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಸಹಿಯನ್ನು ಮರುದಿನಕ್ಕೇ ಇಟ್ಟರು.

ಅಪ್ಪನಿಗೆ ಹೇಳುವುದು ಹೇಗೆಂದು ಯೋಚಿಸುತ್ತ ಮನೆಗೆ ಬಂದರೆ ಅವನಿಗೆ ಆಗಲೇ ಸುದ್ದಿ ತಲುಪಿತ್ತು. ಮಂಚದ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದ.

“ನೀನು ನನ್ನನ್ನ ಆ ಮೇಜಿಗೆ ಕೂರಿಸಿದ್ದು ಇದಕ್ಕೇನಾ?” ಎಂದು ಕೇಳಿದೆ. “ನೀನು ಹೇಳಬಾರದ್ದನ್ನ ನಾನು ಕೇಳಲಿ ಅಂತ?”

“ಹಾಗಂದ್ಕೊಂಡರೆ ನಿನಗೆ ಸಮಾಧಾನವಾ?”

“ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ ವಸೂ,” ಎಂದ. “ಆಗ ನಡೀಬೇಕು ಅಂತ ಆಸೆ ಇತ್ತು. ಅದೂ ಇತ್ತು.” ಬಿಸಿಲಿಗೆ ಹಾಕಿದ ಹಾಸಿಗೆಯನ್ನು ಮಗುಚಿ, “ನಾಳೆ ಹೋಗೋವಾಗ ನಡ್ಕೊಂಡು ಹೋಗ್ತೀನಿ. ಬರೋದರ ಏರ್ಪಾಡು ನೀನು ನೋಡು,” ಎಂದ.

ಸೇತುವೆಗೆ ಹತ್ತಿರದ ದಾರಿ ಇದ್ದರೂ ಸಂತೆಯ ಮೇಲಿಂದ ಹೋದೆವು. ಅಲ್ಲಿಂದ ತಗ್ಗಿನ ಕೇರಿಗೆ ಇಳಿದು, ಭಟ್ಟಿಗಳ ಹೊಗೆಯಲ್ಲಿ ಹಾದು, ಬಿಸಿ ಮಂಡಕ್ಕಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಮತ್ತೆ ಮೇಲೆ ಹತ್ತಿದೆವು. ದಾರಿಯಲ್ಲಿ ಕೆಲವರು ಅಪ್ಪನಿಗೆ ಕೈಮುಗಿದರು. ಅವನು ಹಿಮ್ಮಡಿ ಒತ್ತಿ ನಿಂತು ಪ್ರತಿಯೊಬ್ಬರನ್ನೂ ಮಾತಾಡಿಸಿದ. ಹಿಂದೆ ಮೆರವಣಿಗೆ ಎಂದರೆ ನಾನೊಬ್ಬಳೇ.

ಸೇತುವೆಯ ಕಟ್ಟೆಯ ಮೇಲೆ ಅವನನ್ನು ಕೂರಿಸಿದೆ. ಎದುರು ಕಂಬದ ಹತ್ತಿರ ಗುರುಪಾದಪ್ಪನವರ ಕುರ್ಚಿ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕರಡನ್ನು ಕೊನೆಯ ಸಲ ಗಟ್ಟಿಯಾಗಿ ಓದಿದರು. ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದೆ. ಎಲ್ಲಾದರೂ ಒಂದು ತಪ್ಪು ಉಳಿದಿರಲಿ ಎಂದು ಕೇಳಿದೆ. ಉಳಿದಿರಲಿಲ್ಲ. ಸಲಹೆಗಾರ್ತಿಯ ಅಭಿಪ್ರಾಯವೇನು ಎಂದು ಫಕೀರವ್ವ ಕೇಳಿದಳು. ಆಕ್ಷೇಪಣೆ ಇಲ್ಲ ಎಂದೆ. ದೇಸಾಯಿಯವರು ಸಹಿ ಹಾಕಿ ಪೆನ್ನನ್ನು ಅವಳ ಕಡೆ ತಳ್ಳಿದರು.

ಆಗ ಅಪ್ಪ ಬಗ್ಗಿ ತನ್ನ ಚಪ್ಪಲಿಗಳನ್ನು ತಾನೇ ಕಳಚಿ, ಒಂದರ ಮೇಲೊಂದು ಇಟ್ಟು ನನ್ನ ಕೈಗೆ ಕೊಟ್ಟ.

“ಇಟ್ಕೋ,” ಎಂದ. “ಎತ್ತಿಕೊಂಡು ಹೋಗೋವಾಗ ದಾರೀಲಿ ಬಿದ್ದುಹೋಗತ್ವೆ.”

ಫಕೀರವ್ವ ಸಹಿ ಹಾಕಿದಳು.